ಬೇವಿನ ನೆರಳಲ್ಲಿ ತೋಡಿದ ಗುಂಡಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಮದುವೆಯನ್ನು ನನ್ನ ಮಾವನವರು ಮಾಡಿ ನೋಡಿದರು. ಮನೆಯ ಪಾಲು ನನಗೆ ಬಂತು. ಅದನ್ನು ನಾನು ಇಪ್ಪತ್ತು ವರ್ಷ ಬರೀ ನೋಡುತ್ತಲೇ ಇದ್ದೆ.

ವಾಡಿಗೂ ಶಹಾಬಾದಿಗೂ ನಡುವಿನ ಸಣ್ಣ ಊರೊಂದರ ಪುರಸಭೆಯಲ್ಲಿ ಗುಮಾಸ್ತನಾಗಿದ್ದೆ. ಊರಿನ ಹೆಸರು ಬೇಡ, ಅಲ್ಲಿ ಇನ್ನೂ ನನ್ನನ್ನು ಬಲ್ಲವರಿದ್ದಾರೆ. ಮನೆ ಕಟ್ಟುವವರ ಅರ್ಜಿ, ಅದರ ನಕಾಶೆ, ಅದಕ್ಕೆ ಪಕ್ಕದವರು ತೆಗೆಯುವ ತಕರಾರು, ಎಲ್ಲ ನನ್ನ ಮೇಜಿಗೇ ಬರುತ್ತಿದ್ದವು. ಯಾರ ಪಡಸಾಲೆ ಎಷ್ಟು ಉದ್ದ, ಯಾರ ಮೋರಿ ಯಾರ ಓಣಿಗೆ ಹರಿಯುತ್ತದೆ ಎಂಬುದು ನನಗೆ ಬಾಯಿಪಾಠವಾಗಿತ್ತು. ಸ್ವಂತದ್ದು ಮಾತ್ರ ಒಂದು ಗೇಣು ಜಾಗವೂ ಇರಲಿಲ್ಲ.

ನಮ್ಮ ಮೂಲ ಮುಧೋಳ. ಅಲ್ಲಿಯ ಎರಡು ಅಂಕಣದ ಮನೆ ಅಣ್ಣಂದಿರಿಗೇ ಸಾಲುತ್ತಿರಲಿಲ್ಲ. ಹೆಂಡತಿ ಕುರಕುಂಟಾದವಳು, ಒಕ್ಕಲುತನದ ತುಂಬಿದ ಮನೆಯಿಂದ ಬಂದವಳು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ನಾಲ್ಕು ಬಾಡಿಗೆ ಮನೆ ಬದಲಿಸಿದೆವು. ಒಂದರಲ್ಲಿ ಮಾಲಕರ ಮಗನ ಲಗ್ನವಾಯಿತು, ಇನ್ನೊಂದರ ಗೋಡೆಗೆ ಗೆದ್ದಲು ಹಿಡಿಯಿತು. ಮೂರನೆಯದರಲ್ಲಿ ಮಾಲಕರ ಎಮ್ಮೆ ಈದು, ಹಿತ್ತಲು ಸಾಲದೆ ನಮ್ಮ ಹಿಂದಿನ ಕೋಣೆ ಅದಕ್ಕೆ ಬೇಕಾಯಿತು. ಆ ದಿನ ಹಾಸಿಗೆ ಸುತ್ತುತ್ತ ಅವಳು ಹೇಳಿದಳು: "ನಮ್ಮಪ್ಪನ ಮನ್ಯಾಗ ಎಮ್ಮಿಗಿ ಸೈತ ಸ್ವಂತ ಜಾಗಾ ಇತ್ತು. ಇಲ್ಲಿ ಎಮ್ಮಿ ಸಲುವಾಗಿ ನಾವು ಎದ್ದು ಹೋಗಾಕತ್ತೀವಿ ನೋಡ್ರಿ." ನಗುತ್ತಲೇ ಹೇಳಿದಳು. ನಾನೂ ನಕ್ಕೆ. ಆದರೆ ಅವಳಿಗೆ ಬೇಕಾಗಿದ್ದದ್ದು ಒಂದೇ ಎಂದು ಆಗಲೇ ತಿಳಿಯಿತು: ಯಾರೂ ಎಬ್ಬಿಸಲಾಗದ ಒಂದು ಮನೆ. ಬಂಗಾರ ಕೇಳಿದವಳಲ್ಲ, ಸೀರೆ ಕೇಳಿದವಳಲ್ಲ. ಕೇಳಿದ್ದು ಅದೊಂದನ್ನು.

ರಾಜ್ಯದ ಹೆಸರು ಬದಲಾದ ಮರುವರ್ಷ ಅದು ಕೈಗೆ ಸಿಗುವ ಹಾಗೆ ಕಂಡಿತು. ಸುತ್ತಲಿನ ಶಾಲೆ, ಕಚೇರಿ, ರೈಲ್ವೆ, ಕಾರ್ಖಾನೆಗಳ ನೌಕರರು ಸೇರಿ ಮನೆ ಕಟ್ಟಿಕೊಳ್ಳುವ ಸಂಘವೊಂದನ್ನು ಮಾಡಿಕೊಂಡಿದ್ದರು. ನಾನೂ ಸದಸ್ಯ. ರಾವೂರಿನ ದಾರಿಯಲ್ಲಿ ಒಂದು ಹೊಲ ಗೊತ್ತುಮಾಡಿ, ರಸ್ತೆ, ಚರಂಡಿ, ನಿವೇಶನಗಳ ನಕಾಶೆ ಬರೆಸಿ ಒಪ್ಪಿಗೆಗೆ ಕಳಿಸಿದರು. ಕಡತ ಬಂದದ್ದು ನನ್ನ ಮೇಜಿಗೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಈ ಸಲ ಭಕ್ತನೂ ನಾನೇ, ಪೂಜಾರಿಯೂ ನಾನೇ. ಮುಖ್ಯಾಧಿಕಾರಿಗಳಿಗೂ ಅದು ಗೊತ್ತಿತ್ತು. "ನೀವೂ ಮೆಂಬರ್ ಇದ್ದೀರಿ. ಇನ್ನ ಫೈಲು ಓಡತದ ಬಿಡ್ರಿ" ಎಂದು ನಕ್ಕರು.

ಹೊಲ ಚೆನ್ನಾಗಿತ್ತು. ಒಂದು ಕಡೆ ರಸ್ತೆ, ನಡುವೆ ದೊಡ್ಡ ಬೇವಿನ ಮರ, ಉಳಿದದ್ದೆಲ್ಲ ರೊಟ್ಟಿ ಬಡಿದಂತೆ ಸಪಾಟು. ನೆಲಕ್ಕೆ ಹಾಸುವ ಫರಸಿಕಲ್ಲಿನ ನಮ್ಮ ಸೀಮೆಯಲ್ಲಿ ಎಲ್ಲಿ ನೋಡಿದರೂ ಖಣಿ, ಕಲ್ಲಿನ ಚೂರಿನ ದಿಬ್ಬ. ಅಂಥಲ್ಲಿ ಅಷ್ಟು ಸಪಾಟಾದ ಹೊಲ ಕಂಡರೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಸಂತೋಷವಾಯಿತು.

ಕ್ರಮದ ಪ್ರಕಾರ ಮೊದಲು ನೋಟೀಸು ಹಚ್ಚಬೇಕು, ಯಾರದಾದರೂ ತಕರಾರಿದ್ದರೆ ತಿಂಗಳೊಳಗೆ ಬರೆದು ಕೊಡಲಿ ಎಂದು. ಕಚೇರಿಯಲ್ಲಿ ಹಳೆಯ ಕಾಗದವೇ ಕಟ್ಟುಗಟ್ಟಲೆ ಉಳಿದಿತ್ತು. ತಲೆಬರಹದ ಮೈಸೂರನ್ನು ಅಡ್ಡಪಟ್ಟಿ ಇಟ್ಟು ಹೊಡೆದುಹಾಕಿ ಮೇಲೆ ಕರ್ನಾಟಕ ಎಂದು ಕೈಯಿಂದ ಬರೆಯುವುದೂ ನನ್ನದೇ ಕೆಲಸ. ಹೊಲದ ಬದಿಯ ಕಂಬಕ್ಕೆ ಹಚ್ಚಿದ ನೋಟೀಸನ್ನು ಮರುದಿನವೇ ಆಡೊಂದು ಜೋಳದ ಹಿಟ್ಟಿನ ಅಂಟಿನ ಸಮೇತ ತಿಂದುಹಾಕಿತು. ಇನ್ನೊಂದು ಬರೆದು ಎತ್ತರಕ್ಕೆ ಹಚ್ಚಿದೆ. ಅದನ್ನು ಆಡೂ ತಿನ್ನಲಿಲ್ಲ, ಮನುಷ್ಯರೂ ಓದಲಿಲ್ಲ.

ಆಮೇಲೆ ಸ್ಥಳ ಪರಿಶೀಲನೆ. ಜಿಲ್ಲೆಯಿಂದ ಯೋಜನಾ ಅಧಿಕಾರಿ ಬಂದದ್ದು ಮೇ ತಿಂಗಳಲ್ಲಿ. ನಮ್ಮ ಕಡೆಯ ಮೇ ಎಂದರೆ ಬಿಸಿಲು ಮೇಲಿನಿಂದ ಬಡಿಯುವುದಷ್ಟೇ ಅಲ್ಲ, ಕಲ್ಲು ಕಾದು ಕೆಳಗಿನಿಂದಲೂ ಬಡಿಯುತ್ತದೆ. ಹೊಲದಲ್ಲೊಂದು ಗುಂಡಿ ತೋಡಿಸಿ, ಬುನಾದಿಗೆ ಕೆಳಗೆ ಏನಿದೆ ಎಂದು ಕಣ್ಣಾರೆ ಕಂಡು ಬರೆಯಬೇಕು. ಇಬ್ಬರು ಕೂಲಿಯವರು ಹಾರೆ ಸಲಿಕೆ ಹಿಡಿದು "ಎಲ್ಲಿ ಅಗೀಬೇಕ್ರಿ?" ಎಂದು ಕೇಳಿದರು. ಅಧಿಕಾರಿ ನನ್ನ ಮುಖ ನೋಡಿದರು. ನಾನು ಬೇವಿನ ಮರದ ಕಡೆ ಕೈ ಮಾಡಿದೆ. ಅದರಲ್ಲಿ ಕುಹಕವೇನೂ ಇರಲಿಲ್ಲ. ಅಗೆಯುವವರಿಗೆ ನೆರಳು, ಸಾಹೇಬರ ಕುರ್ಚಿಗೆ ನೆರಳು, ನೀರಿನ ಮಡಕೆಗೂ ನೆರಳು. ಮೊಳಕಾಲುದ್ದ ಅಗೆಯುವಷ್ಟರಲ್ಲಿ ಹಾರೆ ಠಣ್ ಎಂದಿತು. ಕೆಳಗೆ ಗಟ್ಟಿಯಾದ ಹಾಸುಗಲ್ಲು. "ದೇವರs ಬುನಾದಿ ಹಾಕಿಟ್ಟಾನಲ್ರಿ" ಎಂದು ಅಧಿಕಾರಿ ಮಜ್ಜಿಗೆ ಕುಡಿದರು. ನೆಲ ಭದ್ರ ಎಂದು ವರದಿ ಬರೆದೆ. ಅವರು ಸಹಿ ಮಾಡಿದರು, ಅದರ ಕೆಳಗೆ ನಾನು ಮಾಡಿದೆ. ಸಂಜೆ ಮನೆಗೆ ಹೋಗಿ "ಆದಂಗs ನೋಡು" ಎಂದು ಹೆಂಡತಿಗೆ ಹೇಳಿದೆ. ಅವಳು ದೇವರ ಮುಂದೆ ಎರಡನೇ ಸಲ ದೀಪ ಹಚ್ಚಿದಳು.

ತಿಂಗಳು ಮುಗಿದ ಮೇಲೆ ಕಚೇರಿಯ ಪಡಸಾಲೆಯಲ್ಲಿ ವಿಚಾರಣೆ ಇಟ್ಟೆವು. ಸಂಘದವರು ಬಂದರು, ಚಹಾ ಬಂತು, ತಕರಾರು ಬರಲಿಲ್ಲ. ಹಿಂದಿನ ಬೆಂಚಿನ ಮೇಲೆ ಒಬ್ಬ ಮುದುಕರು ಮಾತ್ರ ಕೊನೆಯವರೆಗೂ ಕೂತಿದ್ದರು. ಆ ಹೊಲದ ಅಂಚಿನಲ್ಲೇ ಮನೆ ಮಾಡಿಕೊಂಡಿದ್ದ ಕಲ್ಲಿನ ಮೇಸ್ತ್ರಿ ಅವರು. ಅಜ್ಜ ಮುತ್ತಜ್ಜನ ಕಾಲದಿಂದ ಕಲ್ಲು ಎಬ್ಬಿಸಿ, ಕೆತ್ತಿ ಬದುಕಿದ ಮುಸಲ್ಮಾನರ ಮನೆತನ. ಊರೆಲ್ಲ ಅವರನ್ನು ಚಾಚಾ ಎನ್ನುತ್ತಿತ್ತು.

"ನಿಮ್ದೇನರ ತಕರಾರ ಅದ ಏನ್ರಿ, ಚಾಚಾ?" ಎಂದು ಕೇಳಿದೆ.

"ಇಲ್ರಿ. ಚಾ ಭಾಳ ಛಲೋ ಇತ್ತು" ಎಂದು ಎದ್ದುಹೋದರು. ತಕರಾರು ಇಲ್ಲ ಎಂದು ಬರೆದುಕೊಂಡೆ.

ಆದರೆ ಮನಸ್ಸಿಗೆ ಏನೋ ಚುಚ್ಚಿತು. ಇಡೀ ಮಧ್ಯಾಹ್ನದ ಕೂಲಿ ಬಿಟ್ಟು ಯಾರೂ ಪುರಸಭೆಯ ಚಹಾ ಕುಡಿಯಲು ಬರುವುದಿಲ್ಲ, ಅಂಥ ಚಹಾ ಅದಲ್ಲ. ಎರಡು ದಿನ ಬಿಟ್ಟು ಕಚೇರಿ ಮುಗಿಸಿಕೊಂಡು ಅವರ ಮನೆಯತ್ತ ಹೋದೆ. ಅಂಗಳದಲ್ಲಿ ಕೂತು ಫರಸಿಯ ಅಂಚು ಕೆತ್ತುತ್ತಿದ್ದರು. "ಬರ್ರಿ, ಕುಂದ್ರಿ" ಎಂದು ಒಂದು ಕಲ್ಲು ಒರೆಸಿ ತೋರಿಸಿದರು.

"ಖರೆ ಹೇಳ್ರಿ, ಅವತ್ತ ಯಾಕ ಬಂದಿದ್ರಿ?"

"ಹೇಳಬೇಕಂತಾನೇ ಬಂದಿದ್ದೆ. ಆದ್ರ ನಮ್ಮ ಕಲ್ಲಿನ ಮಂದ್ಯಾಗ ಒಂದು ಪದ್ಧತಿ ಅದರಿ. ಮನಿ ಕಟ್ಟವರ ಮುಂದ, ನಾಕ ಮಂದ್ಯಾಗ ಕುಂತು, ಕೆಟ್ಟ ಮಾತು ಆಡಬಾರದು. ಕಲ್ಲು ಕೊಡವನ ಬಾಯಾಗಿಂದ ಅಂಥಾ ಮಾತು ಬಂದ್ರ ಆ ಮನಿ ಏಳಂಗಿಲ್ಲ ಅಂತ ನಮ್ಮ ದಾದಾ, ಅಪ್ಪನ ಅಪ್ಪ, ಹೇಳತಿದ್ದ. ಈಗ ನೀವು ಒಬ್ಬರೇ ಸಿಕ್ಕೀರಿ, ಹೇಳತೀನಿ." ಉಳಿ ಕೆಳಗಿಟ್ಟರು. "ಆ ಬೇನ ಗಿಡ ಅಲ್ಲಿ ಯಾಕ ಉಳದದ, ಗೊತ್ತದ ಏನ್ರಿ?"

ನನಗೆ ಗೊತ್ತಿರಲಿಲ್ಲ. ಮುಧೋಳದ ಹೊಲದಲ್ಲಿ ಮರ ಇದ್ದರೆ ಅದು ಇದೆ, ಅಷ್ಟೇ.

"ಖಣಿ ಮಾಡಾಗ ಒಂದು ಗಿಡ ಬಿಡತೀವ್ರಿ. ಮಧ್ಯಾಹ್ನ ರೊಟ್ಟಿ ತಿನ್ನಾಕ ನೆಳ್ಳ ಬೇಕಲ್ಲ. ಗಿಡದ ಬುಡಕಿನ ಕಲ್ಲು ಮುಟ್ಟಂಗಿಲ್ಲ, ಮುಟ್ಟಿದ್ರ ಗಿಡ ಬೀಳತದ. ಸುತ್ತಲಿಂದೆಲ್ಲ ನಮ್ಮಪ್ಪನ ಕಾಲದಾಗs ತಗದಾರ. ಎರಡಾಳ ಆಳ ಇತ್ತು ಖಣಿ. ಆಮ್ಯಾಲ ಚೂರ ಕಲ್ಲು ತುಂಬಿ, ಮ್ಯಾಲ ಕರಿ ಮಣ್ಣು ಹಾಸಿ ಹೊಲ ಮಾಡ್ಯಾರ. ನೀವು ಅಷ್ಟು ದೊಡ್ಡ ಹೊಲದಾಗ ಕಲ್ಲು ಉಳಿದಿರೋ ಜಾಗಾನೇ ಹುಡುಕಿ ಅಗಿಸಿದ್ರಿ ನೋಡ್ರಿ!"

ಅವರಿಗೆ ನಗು ಬಂತು. ನನಗೆ ಬರಲಿಲ್ಲ. ನಂಬಿಕೆಯಾಗಲಿಲ್ಲವೆಂದು ಕಂಡಿರಬೇಕು, ಒಂದು ಕೊಡ ನೀರು ಹೊತ್ತು ನನ್ನನ್ನು ಹೊಲಕ್ಕೆ ಕರೆದೊಯ್ದರು. ಮರದಿಂದ ಹತ್ತು ಹೆಜ್ಜೆ ಆಚೆ ಕಾಲಿನಿಂದ ಮಣ್ಣು ಸರಿಸಿ ಕೊಡ ಬಗ್ಗಿಸಿದರು. ನೀರು ನಿಲ್ಲಲಿಲ್ಲ, ಹರಿಯಲೂ ಇಲ್ಲ. ಗುಳುಗುಳು ಎಂದು ಒಳಗೆ ಇಳಿದುಹೋಯಿತು. ನಾನು ಇನ್ನೊಂದು ಕೊಡ ತಂದು ಬೇರೆ ಕಡೆ ಸುರಿದೆ. ಅದೂ ಹೋಯಿತು. ಮೂರನೆಯದನ್ನು ನಕಾಶೆಯಲ್ಲಿ ಶಾಲೆಯ ಮಾಸ್ತರರೊಬ್ಬರ ನಿವೇಶನ ಬರುವ ಕಡೆ ಸುರಿದೆ. ಮಣ್ಣಿನ ಬಾಯಿ ತುಂಬಲೇ ಇಲ್ಲ.

"ಮನಿ ಕಟ್ಟಿದ್ರ ಏನಾಗತದ, ಚಾಚಾ?"

"ಕುಂದ್ರತದ್ರಿ. ಎಷ್ಟು ಕುಂದ್ರತದ, ಯಾವಾಗ ಕುಂದ್ರತದ, ಅದು ಅಲ್ಲಾಗ ಗೊತ್ತು."

ಮುಖ್ಯಾಧಿಕಾರಿಗಳಿಗೆ ಬಾಯಿಮಾತಿನಲ್ಲಿ ಹೇಳಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಗುಮಾಸ್ತರ ಬುದ್ಧಿ. ಅವರು ಕನ್ನಡಕ ತೆಗೆದಿಟ್ಟು ನನ್ನನ್ನೇ ನೋಡಿದರು. "ಗುಂಡಿ ಎಲ್ಲಿ ತೋಡಬೇಕಂತ ತೋರಿಸಿದವರು ಯಾರು? ನೀವs. ರಿಪೋರ್ಟ್ ಬರದವರು ಯಾರು? ನೀವs. ಈಗ ಅಲ್ಲಿ ಭರ್ತಿ ಮಾಡ್ಯಾರ ಅಂತ ಬರದ್ರ ಮ್ಯಾಲಿನವರು ಯಾರಿಗಿ ಹಿಡಿತಾರ? ಸುಮ್ಕಿರ್ರಿ. ಮಣ್ಣು ತಾನs ಗಟ್ಟಿ ಆಗತದ."

ಮೂರು ದಿನ ಸುಮ್ಮನಿದ್ದೆ. ನಾನೇನು ಧರ್ಮರಾಯನಲ್ಲ. ನನಗಿದ್ದದ್ದು ಬರೀ ಭಯ. ನೆರಳು ನೋಡಿ ಜಾಗ ತೋರಿಸಿದ ಕೈ ನನ್ನದು, ನಾಳೆ ಮಾಸ್ತರರ ಮಕ್ಕಳ ಮೇಲೆ ಗೋಡೆ ಬಿದ್ದರೆ ಅದನ್ನು ತಳ್ಳಿದ ಕೈಯೂ ನನ್ನದೇ. ಹೆಂಡತಿಗೆ ಹೇಳಲಿಲ್ಲ. ಹೇಳಿದರೆ ಬೇಡ ಎನ್ನುತ್ತಾಳೆ, ಅವಳು ಬೇಡ ಎಂದ ಮೇಲೆ ನನ್ನಿಂದ ಬರೆಯಲಾಗುವುದಿಲ್ಲ ಎಂದುಕೊಂಡೆ. ನಾಲ್ಕನೇ ದಿನ, ಊಟದ ಹೊತ್ತಿನಲ್ಲಿ ಕಚೇರಿ ಖಾಲಿಯಾಗಿದ್ದಾಗ ಒಂದು ಪುಟ ಬರೆದೆ: ಹಿಂದಿನ ಗುಂಡಿ ತೋಡಿದ ಜಾಗ ಸರಿಯಲ್ಲ, ಉಳಿದ ನೆಲ ಹಳೆಯ ಖಣಿ ಮುಚ್ಚಿದ್ದೆಂದು ತಿಳಿದುಬಂದಿದೆ, ನಾಲ್ಕು ಕಡೆ ಮತ್ತೆ ತೋಡಿ ನೋಡಬೇಕು. ಕೆಳಗೆ ನನ್ನ ಸಹಿ. ಕಡತದಲ್ಲಿ ಸೇರಿಸಿ ದಾರ ಕಟ್ಟಿ ಪುಟಸಂಖ್ಯೆ ಹಾಕಿದೆ. ಪುಟಸಂಖ್ಯೆ ಬಿದ್ದ ಕಾಗದವನ್ನು ಕೀಳಲು ಯಾರಿಗೂ ಧೈರ್ಯವಿರುವುದಿಲ್ಲ, ನನಗೂ ಇರಲಿಲ್ಲ.

ಅಲ್ಲಿಂದ ಶುರುವಾದ ತಿರುಗಾಟವನ್ನು ನೆನೆದರೆ ಈಗಲೂ ಮೊಳಕಾಲು ನೋಯುತ್ತದೆ. ಕಡತ ಚಿತ್ತಾಪುರದ ತಾಲೂಕು ಕಚೇರಿಗೆ ಹೋಯಿತು, ಹಳೆಯ ಖಣಿಯ ದಾಖಲೆ ಇದೆಯೇ ಎಂದು ಕೇಳಲು. ವಾಡಿಗೆ ಹೋಗಿ ಗಾಡಿ ಬದಲಿಸಬೇಕು. ವಾಡಿಯ ಪ್ಲಾಟ್‌ಫಾರ್ಮಿನ ಮೇಲೆ ಕಡತವನ್ನು ತೊಡೆಯ ಮೇಲಿಟ್ಟುಕೊಂಡು ಎಷ್ಟು ಮಧ್ಯಾಹ್ನ ಕೂತಿದ್ದೇನೋ ಲೆಕ್ಕವಿಲ್ಲ. ಚಿತ್ತಾಪುರದಲ್ಲಿ ಹುಡುಕುವವರು ರಜೆಯಲ್ಲಿದ್ದರು. ರಜೆ ಮುಗಿದಾಗ ಬದಲಿಯಾಗಿ ಸೇಡಂಗೆ ಹೋದರು. ಹೊಸಬರು ಬಂದು, ನಿಜಾಮರ ಕಾಲದ ಕಾಗದ ಉರ್ದುವಿನಲ್ಲಿದೆ, ಓದುವವರನ್ನು ಕರೆತನ್ನಿರಿ ಎಂದರು. ಕರೆದೊಯ್ದೆ. ಓದಿದವರು ಇದು ಬೇರೆ ಹೊಲದ್ದು ಎಂದರು. ಒಂದು ವರ್ಷ ಹೀಗೇ ಹೋಯಿತು. ಕಡತದ ರಟ್ಟು ಹರಿದು ಎರಡನೇ ರಟ್ಟು ಹಾಕಿದೆ. ಸಂಘದವರು ವಾರಕ್ಕೊಮ್ಮೆ ಬಂದು ಎಲ್ಲಿಗೆ ಬಂತು ಎಂದು ಕೇಳುತ್ತಿದ್ದರು. ಬರುತ್ತದೆ ಎನ್ನುತ್ತಿದ್ದೆ. ಹೆಂಡತಿಯೂ ಕೇಳುತ್ತಿದ್ದಳು, ಅವಳಿಗೂ ಅದೇ ಉತ್ತರ.

ಕೊನೆಗೆ ಮಳೆಗಾಲ ಕಳೆದ ಮೇಲೆ ಅದೇ ಅಧಿಕಾರಿ ಬಂದು ನಾಲ್ಕು ಕಡೆ ತೋಡಿಸಿದರು. ಈ ಸಲ ನಾನು ಎಲ್ಲಿಗೂ ಕೈ ಮಾಡಲಿಲ್ಲ. ಪಡುವಣ ಅಂಚಿನ ಗುಂಡಿಯಲ್ಲಿ ಮಾತ್ರ ಹಾಸುಗಲ್ಲು ಸಿಕ್ಕಿತು, ಉಳಿದ ಮೂರರಲ್ಲಿ ಆಳುದ್ದ ಅಗೆದರೂ ಚೂರುಕಲ್ಲು. ಅಗೆದಷ್ಟೂ ಬದಿಯಿಂದ ಜಾರಿ ಗುಂಡಿ ತನ್ನನ್ನು ತಾನೇ ಮುಚ್ಚಿಕೊಳ್ಳುತ್ತಿತ್ತು. ಅಧಿಕಾರಿ ನನ್ನನ್ನು ಬೈಯಲಿಲ್ಲ, ಹೊಗಳಲೂ ಇಲ್ಲ. ಜೀಪು ಹತ್ತುವಾಗ "ಅವತ್ತ ಬಿಸಲ ಭಾಳ ಇತ್ತು ನೋಡ್ರಿ" ಎಂದರು, ಅಷ್ಟೇ. ನಕಾಶೆ ಹೊಸದಾಗಿ ಬಂತು. ಕಲ್ಲು ಉಳಿದಿದ್ದ ಪಡುವಣ ಅಂಚಿನಲ್ಲಿ ಮಾತ್ರ ನಿವೇಶನ, ಭರ್ತಿ ಮಾಡಿದ ಭಾಗವೆಲ್ಲ ಉದ್ಯಾನ. ಕಚೇರಿ ಪ್ರತಿಯಲ್ಲಿ ಆ ಉದ್ಯಾನಕ್ಕೆ ಹಸಿರು ಮಸಿ ತುಂಬಿದವನು ನಾನೇ. ನಿವೇಶನ ಅರ್ಧಕ್ಕರ್ಧ ಕಡಿಮೆಯಾದ್ದರಿಂದ ಮೊದಲು ಸೇರಿದ ಸದಸ್ಯರಿಗೆ ಮಾತ್ರ ಎಂದು ಸಂಘ ತೀರ್ಮಾನಿಸಿತು. ನಾನು ತಡವಾಗಿ ಸೇರಿದವನು. ಪಟ್ಟಿಯಲ್ಲಿ ಗೆರೆ ಎಳೆದಾಗ ನನ್ನ ಹೆಸರು ಕೆಳಗೆ ಉಳಿಯಿತು.

ಕೆಳಗೆ ಉಳಿದವರು ನನಗೊಂದು ಹೆಸರಿಟ್ಟರು, ಮನಿಮುರುಕ ಎಂದು. ಚಹಾದಂಗಡಿಗೆ ಹೋದರೆ ಮಾತು ನಿಲ್ಲುತ್ತಿತ್ತು. ಮಾಸ್ತರರು ಒಂದು ದಿನ ದಾರಿಯಲ್ಲಿ ನಿಲ್ಲಿಸಿ, "ಇದು ನಿಮ್ಮ ಕೈಲೇ ಆಗಬೇಕಿತ್ತೇನ್ರಿ?" ಎಂದು ಕೇಳಿದರು. ಸಿಟ್ಟಿಲ್ಲದೆ ಕೇಳಿದರು, ಅದಕ್ಕೇ ಹೆಚ್ಚು ನೋವಾಯಿತು. ಹೆಂಡತಿಗೆ ಸುದ್ದಿ ಗೊತ್ತಾದದ್ದು ನಲ್ಲಿಯ ಹತ್ತಿರ, ನೀರಿಗೆ ನಿಂತ ಹೆಂಗಸರ ಬಾಯಿಂದ. ಕೊಡ ಇಳಿಸಿ "ನೀವs ಬರದೀರಂತ, ಖರೆ ಏನು?" ಎಂದು ಕೇಳಿದಳು. ಹೌದು ಎಂದೆ. ಖಣಿ, ಭರ್ತಿ, ಮೂರು ಕೊಡ ನೀರು, ಎಲ್ಲ ವಿವರಿಸಲು ಹೊರಟೆ. ಅವಳು ಒಳಗೆ ಹೋಗಿ ನೀರು ಸೋಸತೊಡಗಿದಳು. ಆಮೇಲೆ ಅವಳಾಗಿ ಮನೆಯ ಮಾತನ್ನು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಮರುವರ್ಷ ಐದನೆಯ ಬಾಡಿಗೆ ಮನೆಗೆ ಸಾಮಾನು ಸಾಗಿಸಿದೆವು.

ಉದ್ಯಾನ ಎಲ್ಲಿ ಬರಬೇಕು! ಸಂಘ ಪಡುವಣ ಅಂಚನ್ನಷ್ಟೇ ಕೊಂಡಿತು. ಉಳಿದದ್ದನ್ನು ಹೊಲದ ಮಾಲಕ ನಾಲ್ಕಾರು ವರ್ಷ ಕಾದು ತುಂಡು ತುಂಡಾಗಿ ಮಾರಿದ. ಕೊಂಡವರು ನಕಾಶೆಯನ್ನೂ ಕೊಡಲಿಲ್ಲ, ಅರ್ಜಿಯನ್ನೂ ಕೊಡಲಿಲ್ಲ, ಸುಮ್ಮನೆ ಕಟ್ಟಿದರು. ಕಟ್ಟಿದ ಮೇಲೆ ಕರ ತೆಗೆದುಕೊಳ್ಳಿರಿ, ನಲ್ಲಿ ಕೊಡಿರಿ ಎಂದು ನನ್ನ ಮೇಜಿಗೇ ಬಂದರು. ನಮ್ಮ ಕಚೇರಿಯ ಜವಾನನೂ ಅಲ್ಲೇ ಎರಡು ಕೋಣೆ ಹಾಕಿಕೊಂಡ. ನಾನು ಹಸಿರು ಮಸಿ ತುಂಬಿದ ಜಾಗಕ್ಕೆ ನಾನೇ ನಲ್ಲಿ ಬರೆದುಕೊಟ್ಟೆ.

ಇನ್ನೊಂದು ಮಾತು ಹೇಳಬೇಕು, ಹೇಳಲು ನಾಚಿಕೆಯಾಗುತ್ತದೆ. ಆ ಮನೆಗಳು ಬೀಳಲಿ ಎಂದು ನಾನು ಕಾಯುತ್ತಿದ್ದೆ. ಮಳೆ ಬಂದು ನಿಂತ ಮರುದಿನ ಸಂಜೆ, ಗಾಳಿಗೆ ಹೋಗುವ ನೆಪದಲ್ಲಿ ಅಲ್ಲಿಗೆ ಹೋಗಿ ಗೋಡೆಗಳನ್ನು ನೋಡುತ್ತಿದ್ದೆ. ಯಾರೂ ಸಾಯುವುದು ಬೇಡ, ಒಂದು ಗೋಡೆ ಮಲಗಿದರೂ ಸಾಕು, ಊರಿನವರೆಲ್ಲ ಅವತ್ತು ಅವನು ಬರೆದದ್ದು ಸರಿ ಎನ್ನುತ್ತಾರೆ ಎಂಬ ಆಸೆ. ಬಿರುಕು ಬಿದ್ದದ್ದು ನಿಜ. ಅಂಗಳದ ಗೋಡೆಯೊಂದು ಒಮ್ಮೆ ಕುಸಿಯಿತು. ಅದನ್ನು ವಾರದೊಳಗೆ ಅದೇ ಕಲ್ಲು ಪೇರಿಸಿ ನಿಲ್ಲಿಸಿದರು. ಬಿರುಕಿಗೆ ಗಿಲಾವು ಮೆತ್ತಿ ಸುಣ್ಣ ಬಳಿದರು. ಮತ್ತೆ ಬಿಟ್ಟರೆ ಮತ್ತೆ ಮೆತ್ತಿದರು. ಚಾಚಾ ಆಗ ಕಣ್ಣು ಮಂಜಾಗಿ ಮನೆಯಲ್ಲೇ ಇರುತ್ತಿದ್ದರು. ಕೇಳಿದರೆ, "ಕುಂದ್ರೋದೆಲ್ಲ ಕುಂತ ಮ್ಯಾಲ ನಿಲ್ಲತದ್ರಿ. ಮಂದಿ ಹೊಂದ್ಕೊಂಡು ಇರತಾರ" ಎಂದರು. ನನ್ನ ಪರವಾಗಿ ಮಾತಾಡಬಹುದಾಗಿದ್ದವರು ಅವರೊಬ್ಬರೇ. ಅವರೂ ಹಾಗೆಂದರು.

ಜವಾನನ ಮೊಮ್ಮಗಳ ತೊಟ್ಟಿಲಿಗೆ ನಮ್ಮನ್ನು ಕರೆದಿದ್ದರು. ನಾನು ಹೋಗಲಿಲ್ಲ, ಹೆಂಡತಿ ಹೋದಳು. ಸಂಜೆ ಬಂದು ಕಾಲು ತೊಳೆದು ಕೂತಾಗ ನನಗೆ ತಡೆಯಲಾಗಲಿಲ್ಲ. "ಬಿರಕು ನೋಡಿದೇನು?" ಎಂದೆ.

"ನೋಡಿದೆ. ಒಳಗಿನ ಗ್ವಾಡಿಗಿ ಬೆರಳು ಹೋಗೂವಷ್ಟು ಬಿರಕು ಅದ." ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: "ಅದರಾಗ ಬಾಚಣಿಗಿ ಸಿಗಿಸಿಟ್ಟಾರ. ನಾವು ಗ್ವಾಡಿಗಿ ಒಂದು ಮೊಳಿ ಹೊಡೀಬೇಕಂದ್ರೂ ಮಾಲಕರಿಗಿ ಕೇಳಬೇಕು. ಬಿರಕು ಬಿಟ್ಟಿದ್ರ ಏನಾಯ್ತು? ಅವರದದ."

ಇಷ್ಟು ವರ್ಷ ಬರಬೇಕಾಗಿದ್ದ ಮಾತು ಬಂತು ಎಂದುಕೊಂಡೆ. ಸಿಟ್ಟು ಬಂತು. "ಹಂಗಾರ ಅವತ್ತ ನಾ ಬರೀದೆ ಸುಮ್ಮ ಇರಬೇಕಿತ್ತೇನು? ಮಾಸ್ತರರ ಮಕ್ಕಳ ಮ್ಯಾಲ ಗ್ವಾಡಿ ಬಿದ್ದಿದ್ರ?"

ಅವಳು ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಬರೀಬ್ಯಾಡ್ರಿ ಅಂತಿದ್ದೆ ಅಂದ್ಕೊಂಡೀರೇನು ನೀವು? ಮಂದಿ ಮಕ್ಕಳ ಮ್ಯಾಲ ಗ್ವಾಡಿ ಬೀಳಲಿ, ನನಗ ಮನಿ ಆಗಲಿ ಅಂತಿದ್ನೇನು? ಬರೀರಿ ಅಂತಾನೇ ಅಂತಿದ್ದೆ. ನನಗ ಒಂದು ಮಾತು ಕೇಳಬೇಕಿತ್ತು ನೀವು. ಕೇಳಲಿಲ್ಲ."

ಹತ್ತು ವರ್ಷ ನಾನು ಆ ಮೌನವನ್ನು ಮನೆ ಹೋದ ಸಿಟ್ಟು ಎಂದೇ ತಿಳಿದಿದ್ದೆ. ನಾನು ದೊಡ್ಡದೇನನ್ನೋ ಬಿಟ್ಟುಕೊಟ್ಟವನು, ಅದು ಅವಳಿಗೆ ಅರ್ಥವಾಗಲಿಲ್ಲ ಎಂದು ಒಳಗೊಳಗೇ ಬೀಗುತ್ತಲೂ ಇದ್ದೆ. ಬಿಟ್ಟುಕೊಟ್ಟದ್ದು ಅವಳ ಮನೆ, ಕೇಳಿದ್ದರೆ ಅವಳೂ ಬಿಟ್ಟುಕೊಡುತ್ತಿದ್ದವಳೇ. ತಾನಾಗಿ ಬಿಟ್ಟುಕೊಡುವ ಅವಕಾಶವನ್ನೂ ನಾನು ಅವಳಿಗೆ ಉಳಿಸಿರಲಿಲ್ಲ. ತಪ್ಪಾಯಿತು ಎಂದೆ. ಅವಳು ಕೇಳಿಸಿಕೊಂಡಳು, ಆಗಲಿ ಎನ್ನಲಿಲ್ಲ.